ಕಂಪನಿಯನ್ನು ಮಣಿಸಿ ತಂದ ಕಾರು

ಕಾರಿನ ಬೆಲೆ ಏರುವುದರ ಹಿಂದೆ ಸರ್ಕಾರ ಮತ್ತು ಕಂಪನಿಗಳ ಒಳಸಂಚಿದೆ ಎಂಬ ಮಹಾಸತ್ಯವನ್ನು ಇಡೀ ತುಮಕೂರಿನಲ್ಲಿ ಮೊದಲು ಕಂಡುಹಿಡಿದವನು ನಾನೇ! ಅವರು ಹೊಸ ರೂಲ್ಸ್ ಮಾಡುವುದು, ಇವರು ಅದೇ ನೆಪದಲ್ಲಿ ಬೆಲೆ ಏರಿಸುವುದು. ಇಳಿಸುವವರೆಗೆ ಕಾರು ಕೊಳ್ಳುವುದಿಲ್ಲವೆಂದು ಶಪಥ ಮಾಡಿ ಮೂರು ವರ್ಷವಾಗಿತ್ತು.

"ಅವ್ರು ಇಳಿಸಲ್ಲ, ನೀವು ತಗೊಳಲ್ಲ. ಮಧ್ಯ ನಮ್ಮಮ್ಮನ ಮಂಡಿ ಸವೀತಿದೆ!" ಎಂದಳು ಹೆಂಡತಿ ರೂಪಶ್ರೀ.

ಸಿ.ಎಸ್. ಪುರದಲ್ಲಿರುವ ನಮ್ಮತ್ತೆ ಸರ್ವಮಂಗಳಮ್ಮನಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗದು. ಶ್ರಾವಣದ ಮೊದಲ ಸೋಮವಾರ ಸಿದ್ಧಗಂಗೆಗೆ ಕಾರಿನಲ್ಲೇ ಕರೆದೊಯ್ಯುತ್ತೇನೆಂದು ಮಾತು ಕೊಟ್ಟುಬಿಟ್ಟೆ.

ಆಷಾಢ ಬಂತು. ಶಿರಾ ಗೇಟಿನ ಶೋರೂಂನಲ್ಲಿ ನಲವತ್ತು ಸಾವಿರ ಡಿಸ್ಕೌಂಟ್! ಆಷಾಢದಲ್ಲಿ ಯಾರೂ ಗಾಡಿ ಕೊಳ್ಳುವುದಿಲ್ಲವೆಂದು ಇಳಿಸಿದ್ದರು. ನನ್ನ ಶಪಥಕ್ಕೆ ಹೆದರಿದರೆಂದು ನಾನು ಎದೆಯುಬ್ಬಿಸಿ ನುಗ್ಗಿದೆ.

"ಸಾರ್, ಇನ್ಶೂರೆನ್ಸ್‌ಗೆ ಇನ್ನೊಂದೆರಡು ಕವರ್ ಸೇರಿಸ್ಲಾ?" ಎಂದಳು ಸೇಲ್ಸಿನ ಇಂಪನಾ.

"ಇದೂ ಸುಲಿಗೇನೇ! ಒಂದೂ ಬೇಡ!" ಎಂದು ಗರ್ಜಿಸಿದೆ.

ಒಂದೇ ತೊಡಕು. ಡಿಸ್ಕೌಂಟ್ ಬೇಕಾದರೆ ಆಷಾಢದಲ್ಲೇ ಡೆಲಿವರಿ. ಆಷಾಢದ ಗಾಡಿಗೆ ನಮ್ಮತ್ತೆ ಕಾಲಿಡುವುದಿಲ್ಲ. ನನ್ನ ಬುದ್ಧಿ ಸುಮ್ಮನಿರುತ್ತದೆಯೇ? ಗುಬ್ಬಿಯ ಗೆಳೆಯ ಚನ್ನೇಶನ ಕೊಬ್ಬರಿ ಗೋಡೌನಿನಲ್ಲಿ ಕಾರನ್ನು ಗುಟ್ಟಾಗಿ ನಿಲ್ಲಿಸಿ, ಮನೆಯಲ್ಲಿ "ಶ್ರಾವಣದಲ್ಲಿ ಡೆಲಿವರಿ" ಎಂದೆ.

ಆ ಸೋಮವಾರ ಹಾರ, ನಿಂಬೆಹಣ್ಣು ಹಿಡಿದು ಗುಬ್ಬಿಗೆ ಹೋದೆ. ಹಿಂದಿನ ದಿನವೇ ತವರಿಗೆ ಹೋಗಿದ್ದ ರೂಪಶ್ರೀ, ರೇಷ್ಮೆ ಸೀರೆ ಉಟ್ಟ ಅತ್ತೆ, ಇಬ್ಬರೂ ಸಿ.ಎಸ್. ಪುರದಲ್ಲಿ ಕಾಯುತ್ತಿದ್ದರು. ಚಕ್ರಕ್ಕೆ ನಿಂಬೆಹಣ್ಣಿಟ್ಟು ಕೀ ತಿರುಗಿಸಿದೆ. ಉಸಿರೇ ಇಲ್ಲ!

ಚನ್ನೇಶ ಬಾನೆಟ್ ಎತ್ತಿದ. "ಲೋ ಸೋಮ, ಇಲಿಗಳು ವೈರೆಲ್ಲ ಕಡಿದಾಕವೆ ಕಣೋ! ತಿನ್ನಕ್ಕೆ ಕೊಬ್ಬರಿ ಬೇರೆ ತಂದಿಟ್ಕೊಂಡವೆ!"

ಇಂಪನಾಗೆ ಫೋನ್ ಮಾಡಿದೆ. "ಇಲಿ ಕಡಿದ್ರೆ ಅಂತಾನೂ ಒಂದು ಕವರ್ ಇತ್ತು ಸಾರ್. ನೀವೇ ಬೇಡ ಅಂದ್ರಿ."

ರಿಪೇರಿಗೆ ನಲವತ್ತೆಂಟು ಸಾವಿರ! ಚನ್ನೇಶ ಕರೆಸಿದ ಮೆಕ್ಯಾನಿಕ್ ಅದನ್ನು ಎಷ್ಟು ಮೆಲ್ಲಗೆ ಹೇಳಿದರೂ ನನಗೆ ಜೋರಾಗಿಯೇ ಕೇಳಿಸಿತು.

ಕೊನೆಗೆ ಸಿ.ಎಸ್. ಪುರಕ್ಕೆ ಹೋದದ್ದು ತಿಪ್ಪಯ್ಯನ ಬಾಡಿಗೆ ಆಟೋ. ಅಲ್ಲಿಂದ ಅದರಲ್ಲೇ ಸಿದ್ಧಗಂಗೆಗೆ ಹೊರಟೆವು. ಹಿಂದೆ ಅತ್ತೆ, ಹೆಂಡತಿ. ಮುಂದೆ ತಿಪ್ಪಯ್ಯನ ಪಕ್ಕ ಅರ್ಧ ಸೀಟಿನಲ್ಲಿ ನಾನು, ಮಡಿಲಲ್ಲಿ ಹಾರ. ದಾರಿಯಲ್ಲಿ ತಪ್ಪೊಪ್ಪಿಕೊಂಡೆ. ರೂಪಶ್ರೀ ಉರಿಗಣ್ಣು ಬಿಟ್ಟಳು.

"ಸುಮ್ನಿರೇ, ನನ್ ಮಂಡಿಗೋಸ್ಕರ ತಾನೆ ಇಷ್ಟ್ ಒದ್ದಾಡಿರದು," ಎಂದು ಅತ್ತೆ ಅವಳನ್ನು ಗದರಿದರು. ಆ ಮಾತಿಗೆ ನನ್ನ ಕಣ್ಣು ನಿಜವಾಗಿಯೂ ತುಂಬಿತು. ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ ನನ್ನ ಭುಜ ತಟ್ಟಿದರು.

"ಅಳೀಂದ್ರೇ, ಬೇಜಾರ್ ಮಾಡ್ಕಾಬೇಡಿ. ಆ ಇಲಿಗಳ್ನೂ ಸರ್ಕಾರದೋರು, ಕಂಪನಿಯೋರು ಸೇರ್ಕಂಡೇ ಬುಟ್ಟಿದ್ರಾ?"