ಗಂಗಾಧರಸ್ವಾಮಿಯ ನಂಬರು

ಗಣಿತದ ಮೇಷ್ಟ್ರಾಗಿ ಇಪ್ಪತ್ತೆರಡು ವರ್ಷ ಸವೆಸಿದವನು ನಾನು. ಹೆಂಡತಿ ತರಹೇಳಿದ ಸಾಮಾನು ಮರೆತೇನು, ಕೊಡೆ ಮರೆತೇನು, ಅಂಕಿ ಮಾತ್ರ ಮರೆಯಲಾರೆ! ಅದಕ್ಕೇ ೨೦೦೩ರ ಯುಗಾದಿಯ ದಿನ, ಬೇವುಬೆಲ್ಲ ಇನ್ನೂ ಬಾಯಲ್ಲಿರುವಾಗಲೇ, ಹೆಂಡತಿ ಪುಟ್ಟಬಸಮ್ಮನೆದುರು ಘೋಷಿಸಿದೆ: "ಗಾಡಿ ಬದಲಾದರೇನು, ಗಂಗಾಧರಸ್ವಾಮಿಯ ನಂಬರು ಬದಲಾಗಕೂಡದು!"

ಗಂಗಾಧರಸ್ವಾಮಿ ನಮ್ಮ ಹೈಸ್ಕೂಲಿನ ಕನ್ನಡ ಪಂಡಿತ, ನನ್ನ ಗೆಳೆಯ. ಇಬ್ಬರೂ ಸೇರಿ ಕೊಂಡ ಸ್ಕೂಟರಿನಲ್ಲಿ ಹನ್ನೊಂದು ವರ್ಷ ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗಿಬಂದೆವು. ದಿನಾ ಬೆಳಿಗ್ಗೆ ನಾನು ಅವನ ಮನೆ ಬಾಗಿಲಿಗೆ ಹೋಗುವುದು, ಅವನು ಓಡಿಸುವುದು, ನಾನು ಹಿಂದೆ ಕೂರುವುದು. ಹಿಂದಿನ ವರ್ಷ ಎದೆನೋವೆಂದು ಆಸ್ಪತ್ರೆಗೆ ಹೋದವನು ಮರಳಲಿಲ್ಲ. ಸ್ಕೂಟರು ಅವನ ಮನೆ ಮುಂದೆ ನಿಂತು ನಿಂತೇ ಕೆಟ್ಟಿತು.

"ನೋಡಕ್ಕಾಯ್ತಾ ಇಲ್ಲ. ನೀವೇ ಏನಾರ ಮಾಡಿ ಅಣ್ಣ" ಎಂದರು ಅವನ ಹೆಂಡತಿ ಸಿದ್ದಲಿಂಗಮ್ಮ.

ಐವತ್ತನೆಯ ವಯಸ್ಸಿನಲ್ಲಿ, ಎರಡು ಬೇಲಿ ಮತ್ತು ಒಂದು ತಿಪ್ಪೆಯ ಸಹಕಾರದಿಂದ, ಗಾಡಿ ಓಡಿಸಲು ಕಲಿತೆ. ಹಳೆಯದನ್ನು ಅಂಗಡಿಗೆ ಕೊಟ್ಟು ಹೊಸ ಬೈಕು ತರುವುದೆಂದಾಯಿತು.

"ರೀ, ಕಾಗದ ಅಂಗಡಿಯವ್ರಿಗೆ ಕೊಡೋ ಮುಂಚೆ ನಂಬರ್ ಬರ್ಕೊಳ್ಳಿ" ಎಂದಳು ಪುಟ್ಟಬಸಮ್ಮ.

"ಯಾರಿಗೆ ಹೇಳ್ತಿದೀಯ? ನಲವತ್ತೊಂದು ಮೂವತ್ತಾರು! ನಿದ್ದೇಲಿ ಎಬ್ಬಿಸಿ ಕೇಳು!"

"ನಿದ್ದೇಲಿ ನಿಮ್ಮನ್ನ ಎಬ್ಬಿಸೋರ್ಯಾರು?"

ಮೈಸೂರಿನ ಸಾರಿಗೆ ಕಚೇರಿಯ ಗುಮಾಸ್ತರು ನನ್ನ ಅರ್ಜಿ ಓದಿ ಕನ್ನಡಕ ತೆಗೆದರು. "ನಂಬರು ಗಾಡೀದು ಮೇಷ್ಟ್ರೇ, ಮನುಷ್ಯಂದಲ್ಲ. ಗಾಡಿ ಹೋದ್ರೆ ಅದ್ರ ಜೊತೆಗೇ ಹೋಯ್ತು."

"ಮನುಷ್ಯನೂ ಹೋಗಿದ್ದಾನೆ ಸಾರ್. ಅದಕ್ಕೇ ಕೇಳ್ತಿರೋದು."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ಹೊಸ ಸೀರೀಸು ಇನ್ನೂ ಮೂರು ಸಾವಿರದ ಹತ್ರ ಇದೆ. ಆ ನಾಲ್ಕಂಕಿ ಬರೋವರೆಗೂ ಕಾಯ್ತೀರಾ?"

ಕಾದೆ! ಆರು ವಾರ ಹೊಸ ಬೈಕು ಮನೆಯಲ್ಲಿ, ನಾನು ಬಸ್ಸಿನಲ್ಲಿ. ಪುಟ್ಟಬಸಮ್ಮ ಬೈಕಿನ ಸೀಟಿನ ಮೇಲೆ ಹಪ್ಪಳ ಒಣಗಿಸಿದಳು, ಹ್ಯಾಂಡಲ್ಲಿಗೆ ಒದ್ದೆ ಟವೆಲು ಹಾಕಿದಳು. "ಇಷ್ಟು ಉಪಯೋಗಕ್ಕೆ ಬರೋ ಗಾಡಿ ನಮ್ಮ ಬೀದೀಲಿ ಇನ್ನೊಂದಿಲ್ಲ" ಎಂದು ಪಕ್ಕದ ಮನೆಯವರಿಗೆ ಹೊಗಳಿದಳು. ನಾನು ಸಹಿಸಿದೆ. ಗೆಳೆತನಕ್ಕಾಗಿ ಹಪ್ಪಳದ ವಾಸನೆಯನ್ನೂ ಸಹಿಸಬಲ್ಲೆ!

ಕೊನೆಗೂ ೪೧೩೬ ಕೈಗೆ ಬಂತು. ಹಳದಿ ಅಂಚು ಕೊಟ್ಟು ಬರೆಸಿದೆ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು, ದಿಗ್ವಿಜಯ ಮುಗಿಸಿದ ರಾಜನಂತೆ ಸಿದ್ದಲಿಂಗಮ್ಮನವರ ಬಾಗಿಲಲ್ಲಿ ಹಾರನ್ನು ಒತ್ತಿದೆ.

ಅವರು ಆರತಿ ತಟ್ಟೆ ಹಿಡಿದು ಬಂದರು. ಹೂವಿಟ್ಟರು. ನಂಬರಿನ ಫಲಕಕ್ಕೆ ವಿಭೂತಿ ಹಚ್ಚಲು ಬಗ್ಗಿದವರು ಬಗ್ಗಿದಂತೆಯೇ ನಿಂತರು.

"ಇದ್ಯಾರ ನಂಬ್ರು ಅಣ್ಣ?"

"ಯಾರದು ಅಂದ್ರೇನಮ್ಮ! ನಮ್ಮ ಸ್ವಾಮೀದು!"

ಅವರು ಒಳಗೆ ಹೋಗಿ ತಗಡೊಂದನ್ನು ತಂದರು. ಸ್ಕೂಟರು ಕೊಡುವ ಮುನ್ನ ಬಿಚ್ಚಿಟ್ಟುಕೊಂಡಿದ್ದ ಹಳೆಯ ಫಲಕ. ಗಂಗಾಧರಸ್ವಾಮಿಯ ಫೋಟೋದ ಪಕ್ಕ ಇಟ್ಟು ದಿನಾ ವಿಭೂತಿ ಹಚ್ಚುತ್ತಿದ್ದರಂತೆ. ಮೂರು ಬಿಳಿ ಗೆರೆಗಳ ಅಡಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ೪೧೬೩.

"ಹನ್ನೊಂದು ವರ್ಷ ಅದ್ರ ಮೇಲೇ ಕೂತಿದ್ರಲ್ರೀ!" ಎಂದಳು ಪುಟ್ಟಬಸಮ್ಮ.

"ಮೇಲೆ ಕೂತವನಿಗೆ ಕೆಳಗಿರೋದು ಹೇಗೆ ಕಾಣಬೇಕು?"

"ಇನ್ನೊಂದು ದಿನ ಕಾದಿದ್ರೆ ಬರ್ತಿತ್ತು. ಇಪ್ಪತ್ತೇಳು ಗಾಡಿ ಮುಂಚೆನೇ ಇಳ್ಕೊಂಬಿಟ್ರಿ, ಗಣಿತದ ಮೇಷ್ಟ್ರು!"

ಸಿದ್ದಲಿಂಗಮ್ಮ ನಕ್ಕರು. ಒಂದು ವರ್ಷದಿಂದ ಆ ಮನೆಯಲ್ಲಿ ನಾನು ಕೇಳದ ಸದ್ದು ಅದು. ಸೆರಗು ಬಾಯಿಗೊತ್ತಿ, ಗೋಡೆಗೊರಗಿ ನಕ್ಕರು. "ಓಗ್ಲಿ ಬುಡಿ ಅಣ್ಣ. ಅನ್ನೊಂದು ವರ್ಸ ಇಂದ್ಗಡೆ ಕೂತ್ಕಂಡು ನೀವು ನೋಡಿದ್ದಾದ್ರೂ ಏನ?"

ಏನು ನೋಡಿದೆ? "ಅವನ ಕತ್ತು" ಎಂದೆ. "ಎಡಗಡೆ, ಕಾಲರಿನ ಒಳಗೆ ಅರ್ಧ ಅಡಗಿದ್ದ ಮಚ್ಚೆ. ಕ್ಷೌರ ಮಾಡಿಸಿದ ದಿನ ಮಾತ್ರ ಪೂರ್ತಿ ಕಾಣೋದು. ಎದುರು ಲಾರಿ ಬಂದರೆ ಆ ಕಡೆ ಕಿವಿ ಕೆಂಪಾಗೋದು. ನಾನು ಹೆದರಬಾರದು ಅಂತ ಆಗ ಜೋರಾಗಿ ಹಳಗನ್ನಡ ಪದ್ಯ ಶುರುಮಾಡೋನು."

ಅವರ ನಗು ನಿಂತಿತು. "ಆ ಮಚ್ಚೆ ನಂಗೆ ಮರ್ತೇ ಓಗಿತ್ತು ಅಣ್ಣ. ಪೋಟೋದಲ್ಲಿ ಕಾಣಾಕಿಲ್ವಲ್ಲ" ಎಂದರು. ಆಮೇಲೆ ಬಗ್ಗಿ ನನ್ನ ೪೧೩೬ಕ್ಕೂ ಮೂರು ಗೆರೆ ವಿಭೂತಿ ಎಳೆದರು.

ಇನ್ನು ಅಲ್ಲಿ ನಿಂತರೆ ಕಣ್ಣು ಮಾನ ಕಳೆಯುತ್ತದೆಂದು "ಬರ್ತೀವಮ್ಮ" ಎಂದವನೇ ಗಾಡಿ ಹತ್ತಿದೆ. ಕೂತೆ. ಚೀಲ ತೊಡೆಯ ಮೇಲಿಟ್ಟುಕೊಂಡೆ. ಕಾದೆ. ಗಾಡಿ ಯಾಕೋ ಹೊರಡಲೇ ಇಲ್ಲ!

ಪುಟ್ಟಬಸಮ್ಮ ಹತ್ತಿರ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟಳು. ಆ ದಿನ ಮೊದಲ ಬಾರಿಗೆ ಅವಳ ದನಿ ಮೆತ್ತಗಿತ್ತು.

"ರೀ, ಮುಂದಕ್ಕೆ ಜರುಗಿ. ಈಗ ಓಡಿಸ್ಬೇಕಾದೋರು ನೀವೇ."