ಸುಖ ಎಷ್ಟೈತೆ, ಬರ್ಕಳ್ರಿ

ಕರೆಂಟಿನ ಮೀಟರ್ ನೋಡುವವರು ಬಂದರೆ, ದನ ಎಣಿಸುವವರು ಬಂದರೆ, ಜನಕ್ಕೆ ಏನು ಹೇಳಬೇಕೆಂದು ಗೊತ್ತಿರುತ್ತದೆ. “ನೀವು ಸುಖವಾಗಿದ್ದೀರಾ?” ಅಂತ ಕೇಳಿಕೊಂಡು ಒಬ್ಬಳು ಬಾಗಿಲಿಗೆ ಬಂದರೆ? ಅದಕ್ಕೇ ನಮ್ಮ ಕೆಲಸದಲ್ಲಿ ಒಂದು ದಿನವೂ ಸಪ್ಪೆಯಾಗಿ ಕಳೆಯುವುದಿಲ್ಲ. ನಾವು ಹೊಸಿಲು ದಾಟುವ ಮೊದಲೇ ಏನಾದರೊಂದು ಶುರುವಾಗಿರುತ್ತದೆ.

ನಾನು ಚಿತ್ರದುರ್ಗದ ಖಾಸಗಿ ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ಶಾಲೆ ಮುಚ್ಚಿತು, ಈ ಸಮೀಕ್ಷೆಗೆ ಸೇರಿದೆ. ದೇಶದ ಆದಾಯ ಅಳೆದರೆ ಸಾಲದು, ಜನರ ಸಂತೋಷ, ನೆಮ್ಮದಿಯನ್ನೂ ಅಳೆಯಬೇಕು ಅಂತ ದೊಡ್ಡವರೆಲ್ಲ ಸೇರಿ ತೀರ್ಮಾನಿಸಿದ್ದರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಅಳೆಯುವ ಭಾಗ್ಯ ನಮ್ಮ ತಂಡದ್ದು. ಕೈಯಲ್ಲಿ ಟ್ಯಾಬು, ಕೊರಳಲ್ಲಿ ಗುರುತಿನ ಚೀಟಿ. ನನಗೋ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ. ಲಸಿಕೆ ಹಾಕಿದರು, ರಸ್ತೆ ಹಾಕಿದರು, ಈಗ ಜನರ ಮನಸ್ಸನ್ನೂ ಕೇಳುತ್ತಿದ್ದಾರೆ, ಎಂಥ ಕಾಲ ಬಂತಪ್ಪ ಅಂತ ಮನೆಯಲ್ಲಿ ಭಾಷಣವನ್ನೇ ಮಾಡಿದ್ದೆ. ಮನೆಯವರು, “ಸಾರಿಗೆ ಉಪ್ಪು ಹಾಕಿಲ್ಲ” ಅಂದರು.

ಮುಖ ಗಟ್ಟಿ ಮಾಡಿಕೊಂಡದ್ದು

ಮೊದಲು ತರಬೇತಿ. ಚಿತ್ರದುರ್ಗದ ಒಂದು ಸಭಾಂಗಣ. ನಮಗೆ ಪಾಠ ಹೇಳಲು ಬಂದವರು ನಮ್ಮ ಸೂಪರ್‌ವೈಸರ್. ಕಡ್ಡಿಯಂಥ ಮನುಷ್ಯ, ಮಾತೂ ಅಷ್ಟೇ ನೇರ.

“ನೋಡಿ, ಉತ್ತರ ಹೇಳುವವರು ನಿಮ್ಮ ಮುಖ ನೋಡಿ ಉತ್ತರ ಬದಲಾಯಿಸ್ತಾರೆ. ನೀವು ನಕ್ಕರೆ ಅವರೂ ಸುಖವಾಗಿದ್ದೀನಿ ಅಂತಾರೆ. ಅದಕ್ಕೇ ಮುಖದಲ್ಲಿ ಏನೂ ಕಾಣಿಸಬಾರದು. ನಗು ಬೇಡ, ಅಯ್ಯೋ ಅನ್ನೋದು ಬೇಡ, ಹುಬ್ಬು ಏರಿಸೋದು ಬೇಡ. ಎಲ್ಲರೂ ಈಗ ಅಭ್ಯಾಸ ಮಾಡಿ.”

ಮಾಡಿದೆವು. ಸಭಾಂಗಣದ ತುಂಬ ಹೆಂಗಸರು, ಗಂಡಸರು ಕೈ ಕಟ್ಟಿಕೊಂಡು, ತುಟಿ ಬಿಗಿಹಿಡಿದು, ಎದುರಿನ ಗೋಡೆಯನ್ನೇ ನೋಡುತ್ತ ಕೂತೆವು. ಸೂಪರ್‌ವೈಸರ್ ನಮ್ಮ ಮಧ್ಯೆ ಸದ್ದಿಲ್ಲದೆ ಓಡಾಡುತ್ತಿದ್ದರು. ಒಂದು ಕೆಮ್ಮೂ ಇಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಚಹಾದವನು ಬಂದ. ಒಳಗೆ ಒಂದು ಕಾಲಿಟ್ಟವನು ನಮ್ಮ ಮುಖ ನೋಡಿ ಅಲ್ಲೇ ನಿಂತ. ಫ್ಲಾಸ್ಕನ್ನು ಮೆಲ್ಲಗೆ ಕೆಳಗಿಟ್ಟ, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡ, ಹತ್ತಿರವಿದ್ದ ನನ್ನ ಕಿವಿಯಲ್ಲಿ ಪಿಸುಗುಟ್ಟಿದ:

“ಛೇ ಛೇ... ಯಾವಾಗ ತೀರ್ಕಂಡ್ರಂತೆ ಅಕ್ಕಾ? ಮಣ್ಣಿಗೆ ಇಲ್ಲಿಂದ್ಲೇ ಹೋಗಾಣ್ವಾ?”

ಅಜ್ಜಿಯ ಏಣಿ

ನಮ್ಮ ಪ್ರಶ್ನೆಗಳಲ್ಲಿ ಒಂದು ಏಣಿಯ ಪ್ರಶ್ನೆ ಇದೆ. ಎದುರಿಗೆ ಹತ್ತು ಮೆಟ್ಟಿಲಿನ ಏಣಿ ಇದೆ ಅಂದುಕೊಳ್ಳಿ. ತುದಿಯಲ್ಲಿ ಅತ್ಯಂತ ಒಳ್ಳೆಯ ಬದುಕು, ಬುಡದಲ್ಲಿ ಅತ್ಯಂತ ಕೆಟ್ಟ ಬದುಕು. ನೀವು ಎಷ್ಟನೇ ಮೆಟ್ಟಿಲ ಮೇಲಿದ್ದೀರಿ? ಕಾಗದದ ಮೇಲೆ ಬಹಳ ಸುಲಭ.

ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಜಗಲಿ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದ ಅಜ್ಜಿಗೆ ಈ ಪ್ರಶ್ನೆ ಕೇಳಿದೆ.

“ಐತಲ್ಲ, ಹಿತ್ಲಾಗೆ ಐತೆ ನೋಡು. ನಿಂಗೇನು ಬೇಕಿತ್ತಾ?”

“ಆ ಏಣಿ ಅಲ್ಲಜ್ಜಿ. ಮನಸ್ಸಿನಲ್ಲಿ ಒಂದು ಏಣಿ ಅಂದ್ಕಳ್ರಿ.”

“ಅಂದ್ಕಂಡೆ.”

“ನೀವು ಅದರ ಮೇಲೆ ಎಲ್ಲಿದ್ದೀರಿ?”

ಅಜ್ಜಿ ಅವರೆಕಾಯಿ ಕೆಳಗಿಟ್ಟರು. “ನನ್ನ ಮಂಡಿ ನೋಡವ್ವ, ಹೆಂಗೆ ಊದೈತೆ. ಮನಸ್ನಾಗೆ ಹತ್ತಿದ್ರೂ ನೋಯ್ತೈತೆ.”

ನಾನು ಬಿಡಲಿಲ್ಲ. ಇದು ಬದುಕಿನ ಏಣಿ, ಮಂಡಿಗೂ ಇದಕ್ಕೂ ಸಂಬಂಧವಿಲ್ಲ, ಮಕ್ಕಳು ಮರಿ, ಊಟ ಉಪಚಾರ, ನೆಮ್ಮದಿ ಎಲ್ಲ ಸೇರಿಸಿ ಹೇಳಬೇಕು ಅಂತ ಬಿಡಿಸಿ ಹೇಳಿದೆ. ಅಜ್ಜಿಯ ಕಣ್ಣು ಅರಳಿತು. ಪೂರ್ತಿ ಅರ್ಥವಾಗಿತ್ತು. ಎದುರು ಮನೆಯ ಕಡೆ ಗದ್ದ ತೋರಿಸಿ ತಗ್ಗಿದ ದನಿಯಲ್ಲಿ ಕೇಳಿದರು:

“ನಮ್ಮ ವಾರಗಿತ್ತಿ ಮನಿಗೆ ಹೋಗಿದ್ಯಲ್ಲ ಆಗ್ಲೆ, ಅವ್ಳು ಯಾವ ಮೆಟ್ಲು ಅಂದ್ಳು?”

“ಒಬ್ಬರದು ಇನ್ನೊಬ್ಬರಿಗೆ ಹೇಳಂಗಿಲ್ಲ ಅಜ್ಜಿ.”

“ಹೇಳಬ್ಯಾಡ ಬಿಡು. ಅವ್ಳು ಎಲ್ಲವ್ಳೋ, ಅದಕ್ಕಿಂತ ಒಂದು ಮೆಟ್ಲು ಮ್ಯಾಲೆ ನನ್ನ ಬರ್ಕ.”

“ಅವರು ಹತ್ತೂ ಮೆಟ್ಟಿಲು ಹತ್ತಿಬಿಟ್ಟಿದ್ರೆ?”

ಅಜ್ಜಿ ಒಂದು ಕ್ಷಣವೂ ಯೋಚಿಸಲಿಲ್ಲ. “ಹಂಗಾರೆ ನನ್ನ ಅಟ್ಟದ ಮ್ಯಾಲೆ ಬರ್ಕ!”

ಕಾರ್ಡು

ಇದು ಚಿಕ್ಕದು. ಚಿತ್ರದುರ್ಗದಲ್ಲೇ, ಕೋಟೆಯ ಕೆಳಗಿನ ಒಂದು ಓಣಿ. ಆ ಮನೆಯಾತ ಮೊಮ್ಮಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಅಂಗಳದಲ್ಲಿ ಆನೆಯಾಗಿದ್ದ. ಮಗು ಕೇಕೆ ಹಾಕುತ್ತಿತ್ತು, ಆನೆ ಅದಕ್ಕಿಂತ ಜೋರಾಗಿ. ನನ್ನ ಕೊರಳಿನ ಚೀಟಿ ಕಂಡದ್ದೇ ತಡ, ಆನೆ ಮಗುವನ್ನು ಇಳಿಸಿ, ಎದ್ದು ಗೋಡೆಗೊರಗಿ ನರಳತೊಡಗಿತು.

“ಏನು ಸುಖ ಮೇಡಂ? ಸೊಂಟ ಇಲ್ಲ, ಕಣ್ಣು ಇಲ್ಲ, ನಿದ್ದೆ ಇಲ್ಲ. ಬರ್ಕಳ್ರಿ, ಏನೇನೂ ಇಲ್ಲ.”

“ಈಗಷ್ಟೇ ನಗ್ತಾ ಇದ್ರಿ?”

“ಅದು ಮಗೀನ ನಗು, ನಂದಲ್ಲ.”

ಆಮೇಲೆ ಗೊತ್ತಾಯಿತು. ಯಾರೋ ಓಣಿಯ ತುಂಬ ಸುದ್ದಿ ಹಬ್ಬಿಸಿದ್ದರು: ಸುಖವಾಗಿದ್ದೀವಿ ಅಂದವರ ರೇಷನ್ ಕಾರ್ಡು ರದ್ದಾಗುತ್ತದಂತೆ! ಹಾಗೇನಿಲ್ಲ, ಈ ಸಮೀಕ್ಷೆಗೂ ಕಾರ್ಡಿಗೂ ಸಂಬಂಧವೇ ಇಲ್ಲ ಅಂತ ನಾನು ತಲೆ ಮುಟ್ಟಿ ಆಣೆ ಮಾಡಿ ಹೇಳಿದೆ. ಆತ ಮೊಮ್ಮಗಳನ್ನು ಮತ್ತೆ ಎತ್ತಿಕೊಂಡು, ಒಂದು ನಿರ್ಧಾರಕ್ಕೆ ಬಂದ.

“ಆಯ್ತು ಮೇಡಂ. ಕಾರ್ಡು ಹೋಗದಷ್ಟು ಸುಖ ಬರ್ಕಳ್ರಿ.”

ಗಿರಣಿಯವರ ನಗು

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಕಡೆ ಒಬ್ಬರು ಹಿಟ್ಟಿನ ಗಿರಣಿ ಇಟ್ಟಿದ್ದಾರೆ. ವಯಸ್ಸು ಮೂವತ್ತು ಚಿಲ್ಲರೆ, ಗಾಂಭೀರ್ಯ ಮಾತ್ರ ಮಠದ ಸ್ವಾಮಿಗಳದು. ಮಧ್ಯಾಹ್ನ ಊಟಕ್ಕೆ ಬಂದಾಗ ಹಿಡಿದೆ. ರೆಪ್ಪೆಗೆಲ್ಲ ಹಿಟ್ಟು. ಉತ್ತರ ಹೇಳುವವರ ಹತ್ತಿರ ಬೇರೆ ಯಾರೂ ಇರಬಾರದೆಂದು ನಿಯಮ. ಅವರ ಹೆಂಡತಿ ಒಪ್ಪಿಕೊಂಡು ಅಡುಗೆಮನೆಗೆ ಹೋದರು. ಕಿವಿಯನ್ನು ಇಲ್ಲೇ ಬಿಟ್ಟು ಹೋಗಿದ್ದರು.

“ನಿನ್ನೆ ದಿನ ನೀವು ಜೋರಾಗಿ ನಕ್ಕಿದ್ದೀರಾ?” ಅಂತ ಕೇಳಿದೆ.

“ಹ್ಞೂಂ,” ಅಂದರು.

ಒಳಗೆ ಲಟ್ಟಣಿಗೆ ಸದ್ದು ನಿಂತಿತು. “ಸುಳ್ಳು! ಮದ್ವೆ ಫೋಟೋದಾಗೂ ನಕ್ಕಿಲ್ಲ ಈ ಮನುಷ್ಯ!”

“ನಕ್ಕಿದೀನಿ ಮೇಡಂ. ಗಿರಣೀಲಿ.”

ಇನ್ನೇನು, ಹೆಂಡತಿ ಹೊರಗೇ ಬಂದರು. ಕೈಯಲ್ಲಿ ಲಟ್ಟಣಿಗೆ. “ಗಿರಣೀಲಿ ನಗ್ತೀರಾ? ಊರೋರ ಮುಂದೆಲ್ಲ ನಗ್ತೀರಾ? ಮನೇಲಿ ಮಾತ್ರ ಮಕ ಗಂಟು ಹಾಕ್ಕಂಡು ಕುಂತಿರ್ತೀರಾ? ನಾನೇನು ಮಾಡಿದೀನಿ ನಿಮ್ಗೆ?”

ಕೊನೆಯ ಮಾತು ಹೇಳಿ ಅವರು ಗೋಡೆ ಕಡೆ ಮುಖ ತಿರುಗಿಸಿದರು. ನನಗೆ ಗಾಬರಿಯಾಯಿತು. ದೇಶದ ಸಂತೋಷ ಅಳೆಯಲು ಬಂದವಳು ಒಂದು ಮನೆಯದ್ದನ್ನು ಕೆಡಿಸಿ ಹೋಗುವುದೇ? “ಏನಕ್ಕೆ ನಕ್ಕಿರಿ, ಅದನ್ನಾದರೂ ಹೇಳ್ರಿ,” ಅಂದೆ. ಅದು ಪ್ರಶ್ನಾವಳಿಯಲ್ಲಿ ಇರಲಿಲ್ಲ.

ಆತ ಸಂಕೋಚದಿಂದ ಹೇಳಿದರು. ಅವರ ಅಕ್ಕ ಬಾಣಂತನಕ್ಕೆ ತವರಿಗೆ ಬಂದಿದ್ದಾರೆ, ನಿನ್ನೆ ಬೆಳಿಗ್ಗೆಯಷ್ಟೇ ಆಸ್ಪತ್ರೆಯಲ್ಲಿ ಹೆರಿಗೆ ಆಗಿದೆ. ಗಿರಣಿ ಗರಗರ ಓಡುತ್ತಿರುವಾಗ ಬಾಗಿಲಲ್ಲಿ ನಿಂತ ಗಿರಾಕಿ “ಅಕ್ಕೀದು ಆಯ್ತಾ?” ಅಂತ ಕೂಗಿದ್ದಾನೆ. ಇವರಿಗೆ ಕೇಳಿಸಿದ್ದು “ಅಕ್ಕಂದು ಆಯ್ತಾ?”

“ನಾನು, ‘ಆಯ್ತು, ಗಂಡು ಮಗು!’ ಅಂದೆ. ಅವ್ನು ಹೌಹಾರಿ, ‘ನಾನು ಕೊಟ್ಟಿದ್ದು ದೋಸೆ ಅಕ್ಕಿ ಕಣಪ್ಪೋ’ ಅಂದ...”

ಹೆಂಡತಿ ಲಟ್ಟಣಿಗೆ ಹಿಡಿದೇ ಕೆಳಗೆ ಕೂತುಬಿಟ್ಟರು. ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡರು, ಕಣ್ಣಲ್ಲಿ ನೀರು. ಅವರು ನಗುವುದನ್ನು ನೋಡಿ ಗಂಡನಿಗೂ ಬಂತು. ಆತ ನಕ್ಕಾಗ ಮೈಮೇಲಿನ ಹಿಟ್ಟೆಲ್ಲ ಉದುರಿತು. ನಾನಂತೂ ಮುಖ ಗಟ್ಟಿ ಮಾಡಿಕೊಳ್ಳುವ ಪ್ರಯತ್ನವನ್ನೇ ಬಿಟ್ಟೆ.

ಕಣ್ಣು ಒರೆಸಿಕೊಂಡು ಹೆಂಡತಿ ಕೇಳಿದರು, “ಇಂಥವನ್ನ ಮನೇಲಿ ಯಾಕೆ ಹೇಳಲ್ಲ ನೀವು?”

ಆತ ಮತ್ತೆ ಗಂಭೀರವಾಗಿ ಹೇಳಿದರು: “ಮನೇಲಿ ಗಿರಣಿ ಸದ್ದು ಇರಲ್ವಲ್ಲೇ. ಎಲ್ಲಾ ಸರಿಯಾಗಿ ಕೇಳಿಸ್ತೈತೆ, ನಗು ಎಲ್ಲಿಂದ ಬರ್ಬೇಕು?”

ಕಳೆದುಹೋಗದ ಪರ್ಸು

ಹಿರಿಯೂರಿನದ್ದನ್ನು ನೆನೆಸಿಕೊಂಡರೆ ಈಗಲೂ ಎದೆ ಡವಡವಗುಟ್ಟುತ್ತದೆ. ಮೊದಲು ಭಯಕ್ಕೆ, ಆಮೇಲೆ ನಗುವಿಗೆ.

ನಮ್ಮದೊಂದು ಪ್ರಶ್ನೆ: ನಿಮ್ಮ ಪರ್ಸು ಊರಲ್ಲಿ ಎಲ್ಲೋ ಬಿದ್ದುಹೋದರೆ, ಸಿಕ್ಕವರು ತಂದುಕೊಡುತ್ತಾರೆಂಬ ನಂಬಿಕೆ ಇದೆಯೇ? ಅಕ್ಕಪಕ್ಕದವರ ಮೇಲೆ ನಂಬಿಕೆ ಇದ್ದರೆ ಜನ ಹೆಚ್ಚು ನೆಮ್ಮದಿಯಾಗಿರುತ್ತಾರಂತೆ. ಹಿರಿಯೂರಿನಿಂದ ಒಳಗೆ, ತೆಂಗಿನ ತೋಟಗಳ ನಡುವಿನ ಒಂದು ಹಳ್ಳಿಯಲ್ಲಿ ನಾನು ಕೇಳಿದವರೆಲ್ಲರೂ “ಕೊಡ್ತಾರೆ” ಅಂದರು. ಒಬ್ಬರೂ ಇಲ್ಲ ಅನ್ನಲಿಲ್ಲ. ನಾನು ಖುಷಿಯಿಂದ ಕುಣಿಯುವುದೊಂದು ಬಾಕಿ.

ಸೂಪರ್‌ವೈಸರ್ ಫೋನ್ ಮಾಡಿದರು. “ಇಡೀ ಊರು ಒಂದೇ ಉತ್ತರ ಹೇಗೆ ಕೊಡುತ್ತೆ ಮೇಡಂ? ನೀವು ಮನೆಮನೆಗೆ ಹೋದ್ರಾ, ಇಲ್ಲ ಮರದ ಕೆಳಗೆ ಕೂತು ಟ್ಯಾಬು ಒತ್ತಿದ್ರಾ?”

ನನ್ನ ಮೈ ಉರಿದುಹೋಯಿತು. ಬಿಸಿಲಲ್ಲಿ ಚಪ್ಪಲಿ ಸವೆಸಿದವಳು ನಾನು! “ನೀವೇ ಬಂದು ನೋಡಿ ಸಾರ್,” ಅಂದೆ.

“ಬರ್ತೀನಿ. ಉತ್ತರ ಸುಳ್ಳಾದ್ರೆ ನಿಮ್ಮ ಕೆಲಸ ಇವತ್ತಿಗೇ ಮುಗೀತು.”

ಬಂದರು. ಊರ ಬಾಗಿಲಲ್ಲೇ ತಮ್ಮ ಉಪಾಯ ಹೇಳಿದರು: ತಾವೇ ಪರ್ಸು ಬೀಳಿಸಿಕೊಂಡು ಹೋಗುವುದು, ಏನಾಗುತ್ತದೆ ನೋಡುವುದು. ಚಹಾದಂಗಡಿ ಮುಂದೆ ಬೀಳಿಸಿದರು. ನಾನು ಅವರ ಹಿಂದೆ ನಡೆದೆ. ಹಿಂತಿರುಗಿ ನೋಡುವಂತಿಲ್ಲ. ಯಾರಾದರೂ ಒಬ್ಬ ಕೈಚಳಕ ತೋರಿಸಿದರೆ ನನ್ನ ಕಥೆ ಮುಗಿಯಿತು. ನಾಲ್ಕು ಹೆಜ್ಜೆ ಇಟ್ಟಿಲ್ಲ, ಹಿಂದಿನಿಂದ ಸೈಕಲ್ ಗಂಟೆ. “ಸಾರ್! ಓ ಸಾರ್! ಪರ್ಸು ಬಿತ್ತು ನೋಡ್ರಿ!”

ನನಗೆ ಕಿರುಚಬೇಕೆನಿಸಿತು. ಸೂಪರ್‌ವೈಸರ್ ಮಾತ್ರ, “ಒಂದು ಸಲ ಆದ್ರೆ ಸಾಕ್ಷಿ ಅಲ್ಲ,” ಅಂದರು. ನಲ್ಲಿ ಹತ್ತಿರ ಮತ್ತೆ ಬೀಳಿಸಿದರು. ಇಬ್ಬರು ಹೆಂಗಸರು ಕೊಡ ಅಲ್ಲೇ ಇಟ್ಟು ಓಡಿ ಬಂದು ಕೊಟ್ಟರು. “ಜೋಪಾನ ಅಣ್ಣಾ,” ಅಂದರು. ತೆಂಗಿನಕಾಯಿ ಸುಲಿಯುವವರ ರಾಶಿಯ ಪಕ್ಕ ಮೂರನೇ ಸಲ. ಅಲ್ಲಿ ಒಬ್ಬಾತ ಅದು ನೆಲಕ್ಕೆ ಮುಟ್ಟುವ ಮೊದಲೇ ಹಿಡಿದ!

ಅಷ್ಟು ಹೊತ್ತಿಗೆ ಊರಿಗೆ ಸುದ್ದಿ ಮುಟ್ಟಿತ್ತು. ಯಾರೋ ಸಾಹೇಬರು ಬಂದಿದ್ದಾರೆ, ಪಾಪ, ಹೋದಲ್ಲೆಲ್ಲ ಪರ್ಸು ಕೆಡವುತ್ತಿದ್ದಾರೆ. ನಾವು ಕಟ್ಟೆ ಹತ್ತಿರ ಬರುವಾಗ ಜನ ಸೇರಿಬಿಟ್ಟಿದ್ದರು. ಹಿರಿಯರೊಬ್ಬರು ಸೂಪರ್‌ವೈಸರ್ ಕೈ ಹಿಡಿದು ಬೆರಳು ಒಂದೊಂದೇ ಮಡಿಸಿ ನೋಡಿದರು.

“ನರ ಸಡಿಲಾಗೈತೆ. ಬೆಳ್ಳುಳ್ಳಿ ಎಣ್ಣೆ ಹಚ್ರಿ.”

“ನರ ಅಲ್ಲ, ಮರೆವು,” ಅಂದರು ಇನ್ನೊಬ್ಬರು. “ಈ ವಯಸ್ಸಿಗೇ ಬಂದೈತೆ, ಪಾಪ.”

ಪಕ್ಕದ ಮನೆಯ ಟೇಲರಮ್ಮ ಸೂಜಿ ದಾರ ತಂದೇಬಿಟ್ಟರು. ಪರ್ಸು, ಫೋನು ಎರಡನ್ನೂ ಸಾಹೇಬರ ಅಂಗಿಯ ಜೇಬಿಗೆ ಹಾಕಿ, ಮೇಲೆ ಹೊಲಿಯತೊಡಗಿದರು. “ಅಲುಗಾಡಬ್ಯಾಡಪ್ಪ, ಚುಚ್ತೈತೆ.”

ಸೂಪರ್‌ವೈಸರ್ ನನ್ನ ಮುಖ ನೋಡಿದರು. ಬೇಡ ಅಂದರೆ ಬೇಕಂತಲೇ ಬೀಳಿಸಿದ್ದು ಅಂತ ಹೇಳಬೇಕು. ನಿಮ್ಮನ್ನು ಕಳ್ಳರೇನೋ ಅಂತ ಪರೀಕ್ಷೆ ಮಾಡಿದೆ ಅಂತ ಅಷ್ಟು ಪ್ರೀತಿಯ ಜನರ ಮುಂದೆ ಯಾರು ಹೇಳುತ್ತಾರೆ? ಎದೆ ಮುಂದೆ ಮಾಡಿ ನಿಂತೇ ಇದ್ದರು. ಟೇಲರಮ್ಮ ಗಟ್ಟಿಯಿರಲೆಂದು ಎರಡು ಸುತ್ತು ಹೊಲಿದು ದಾರ ಕಡಿದರು. ಊರವರೇ ನಮ್ಮನ್ನು ಬಸ್ಸು ಹತ್ತಿಸಿ, “ಇವ್ರನ್ನ ಹುಷಾರಾಗಿ ಇಳಿಸ್ರಿ” ಅಂತ ಕಂಡಕ್ಟರಿಗೂ ಹೇಳಿ ಕಳಿಸಿದರು. ಟಿಕೆಟ್ಟು ನಾನೇ ತಗೊಂಡೆ.

ಬಸ್ಸು ಹೊರಟು ಸ್ವಲ್ಪ ಹೊತ್ತಿಗೆ ಸಾಹೇಬರ ಎದೆಯಲ್ಲಿ ಫೋನು ರಿಂಗಾಯಿತು. ದೊಡ್ಡ ಕಚೇರಿಗೆಂದೇ ಇಟ್ಟ ರಿಂಗ್‌ಟೋನು! ಹೊಲಿಗೆ ಕೀಳಲು ನೋಡಿದರು, ಬರಲಿಲ್ಲ. ಬಟ್ಟೆಯ ಮೇಲಿಂದಲೇ ಉಜ್ಜಿದರು. ಹೇಗೋ ಕಾಲ್ ಹತ್ತಿಕೊಂಡಿತು. ಗದ್ದವನ್ನು ಎದೆಗೆ ಒತ್ತಿ, ಜೇಬಿನೊಳಕ್ಕೆ ಬಾಯಿಟ್ಟು ಕೂಗತೊಡಗಿದರು:

“ಸಾರ್! ನಿಜ ಸಾರ್! ಎಲ್ಲಾ ನಿಜ! ಜನ ತುಂಬಾ ಒಳ್ಳೆಯವರು! ಬೇಡ ಅಂದ್ರೂ ಬಿಡಲ್ಲ ಸಾರ್!”

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ನನ್ನ ಕೆಲಸ ಉಳಿಯಿತು ಅನ್ನುವ ಸಂಭ್ರಮಕ್ಕೆ ನನಗೆ ನಗುವೋ ಅಳುವೋ ಒಂದೂ ತಿಳಿಯದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಪಕ್ಕದಲ್ಲಿ ಬುಟ್ಟಿ ಹಿಡಿದು ಕೂತಿದ್ದ ಹೆಂಗಸು ನನ್ನ ಬೆನ್ನು ಸವರಿದರು.

“ಅಳಬ್ಯಾಡ ತಾಯಿ. ಎದೆ ಜೊತೆ ಒಬ್ರೇ ಮಾತಾಡ್ತವ್ರೆ, ಪಾಪ... ನಿಮ್ಮ ಯಜಮಾನ್ರಾ?”

“ಅಲ್ಲಮ್ಮ,” ಅಂದೆ, “ನಮ್ಮ ಆಫೀಸರ್ರು.”

ಆಕೆ ನಿರಾಳವಾಗಿ ಉಸಿರು ಬಿಟ್ಟು ಬುಟ್ಟಿ ಸರಿಮಾಡಿಕೊಂಡರು.

“ಆಫೀಸರ್ರಾ? ಅಯ್ಯ, ಹಂಗಾರೆ ಗಾಬ್ರಿ ಬ್ಯಾಡ ಬಿಡವ್ವ. ನಾನು ಏನೋ ಕಾಯ್ಲೆ ಅಂದ್ಕಂಡಿದ್ದೆ!”