ಆಕಳು ಮೂಸಿದ ಕೈ

ಗುಟ್ಟು ಕಾಪಾಡುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಇಡೀ ಜಲನಗರ ಬಡಾವಣೆಯಲ್ಲಿ ಇಲ್ಲ ಎಂದು ನಂಬಿದ್ದೆ. ಆ ಧೈರ್ಯದಿಂದಲೇ, ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ನಾನು, ರಜೆಗೆಂದು ಗೋವಾಕ್ಕೆ ಹೋದಾಗ ಫಿಶ್ ಅಂಡ್ ಚಿಪ್ಸ್ ತಿನ್ನುವ ಐತಿಹಾಸಿಕ ನಿರ್ಣಯ ಕೈಗೊಂಡೆ. ಆಫೀಸಿನಲ್ಲಿ ಅದನ್ನು ತಿನ್ನದೆ ಉಳಿದವನು ನಾನೊಬ್ಬನೇ!

ಒಂದೇ ತೊಡಕು. ಮರುವಾರವೇ ಬಬಲೇಶ್ವರದಲ್ಲಿ ಹೆಂಡತಿಯ ತಮ್ಮನ ಹೊಸ ಮನೆಯ ಪ್ರವೇಶ. ಆಕಳನ್ನು ಮೊದಲು ಒಳಗೆ ಕರೆದೊಯ್ಯುವ ಗೌರವ ಹಿರಿಯ ಅಳಿಯನಾದ ನನ್ನದು. "ಹಗ್ಗ ಹಿಡಿಯೋ ಕೈ ಮಡಿ ಇರಬೇಕ್ರಿ" ಎಂದು ಅತ್ತೆ ಫೋನಿನಲ್ಲಿ ಎರಡೆರಡು ಸಲ ಹೇಳಿದ್ದರು. ಆದರೆ ಅತ್ತೆ ಇದ್ದದ್ದು ಬಬಲೇಶ್ವರದಲ್ಲಿ, ನಾನಿದ್ದದ್ದು ಗೋವಾದಲ್ಲಿ!

ಹೆಂಡತಿ ಸುವರ್ಣಾಳನ್ನು ಪಕ್ಕದ ಗೋಡಂಬಿ ಅಂಗಡಿಗೆ ಕಳಿಸಿ, ದಂಡೆಯ ಮೇಲಿನ ಸಣ್ಣ ಹೋಟೆಲಿಗೆ ನುಗ್ಗಿದೆ. ಮಧ್ಯಾಹ್ನ ಮೂರು ಗಂಟೆ. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಬಿಳಿ ಗಡ್ಡದ ವೇಟರ್ ಬಂದು ನನ್ನ ಹಣೆಯ ವಿಭೂತಿಯನ್ನೇ ನೋಡುತ್ತ ನಿಂತ.

"ಫಿಶ್?" ಎಂದ.

"ಫಿಶ್" ಎಂದೆ.

ಮತ್ತೊಮ್ಮೆ ವಿಭೂತಿ ನೋಡಿ ಒಳಗೆ ಹೋದ. ಗಾಳಿ ಇಲ್ಲದಿದ್ದರೂ ಅಡುಗೆಮನೆಯ ಮಣಿಪರದೆ ಅಲುಗಾಡಿತು. ಅದರಾಚೆ ಯಾರೋ ಪಿಸುಗುಟ್ಟಿದರು. ಯಾರೋ ನಕ್ಕರು. ಆಮೇಲೆ ಎಣ್ಣೆ ಚುಂಯ್‌ಗುಡುವ ಸದ್ದು ಮಾತ್ರ.

ಬಂಗಾರದ ಬಣ್ಣದ ತುಂಡುಗಳು ಬಂದವು. ಚೀಲದಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ತೆಗೆದೆ. ಮೀನಾದರೇನು, ಚಟ್ನಿ ಇಲ್ಲದೆ ಗಂಟಲಲ್ಲಿ ಇಳಿಯಬೇಕಲ್ಲ! ಒಂದೂ ಮುಳ್ಳಿರಲಿಲ್ಲ. ಬಾಯಲ್ಲಿಟ್ಟರೆ ಕರಗುತ್ತಿತ್ತು. ಇದಕ್ಕೇನಾ ನಮ್ಮ ಹಿರಿಯರು ಇಷ್ಟು ಹೆದರಿದ್ದು ಎಂದುಕೊಂಡೆ.

ಹೆದರಿಕೆ ಶುರುವಾದದ್ದು ಊರಿಗೆ ಬಂದ ಮೇಲೆ. ಬೆರಳು ಮೂಸಿದರೆ ಸಮುದ್ರದ ವಾಸನೆ. ಸಾಬೂನು, ಲಿಂಬೆಹಣ್ಣು, ಕೊನೆಗೆ ವಿಭೂತಿಯನ್ನೂ ತಿಕ್ಕಿದೆ. ಹೋಗಲಿಲ್ಲ! ಬೆಳಿಗ್ಗೆ ಕಂಪೌಂಡಿನ ಮೇಲೆ ಒಂದು ಬೆಕ್ಕು ಕುಳಿತು ನನ್ನ ಕೈಯನ್ನೇ ದಿಟ್ಟಿಸುತ್ತಿತ್ತು. ಮರುದಿನ ಮೂರು ಬೆಕ್ಕು. ಒಂದೂ ಮಿಯಾಂವ್ ಎನ್ನಲಿಲ್ಲ. ನನ್ನ ಕೈಯಲ್ಲಿ ಹಾಲಿನ ಪ್ಯಾಕೆಟ್ ಇತ್ತು ಎಂಬುದು ಆಗ ಹೊಳೆಯಲಿಲ್ಲ. ಕನ್ನಡಿ ನೋಡಿಕೊಂಡರೆ ನನ್ನ ಕಣ್ಣು ಮೀನಿನ ಕಣ್ಣಿನಂತೆ ರೆಪ್ಪೆಯನ್ನೇ ಬಡಿಯುತ್ತಿರಲಿಲ್ಲ!

"ಮನ್ಯಾಗ ಏನರ ವಾಸನಿ ಬರಾಕತ್ತೈತೇನ?" ಎಂದು ಸುವರ್ಣಾಳನ್ನು ಕೇಳಿದೆ.

"ಎಂಥಾ ವಾಸನಿರೀ?" ಎಂದು ತಣ್ಣಗೆ ಕೇಳಿ, ನನ್ನನ್ನೇ ನೋಡುತ್ತ ನಿಂತಳು. ಆ ನೋಟಕ್ಕೆ ಬೆಕ್ಕುಗಳೇ ವಾಸಿ ಅನ್ನಿಸಿತು.

ಪ್ರವೇಶದ ದಿನ ಬಂತು. ಟಿಕೋಟಾದಿಂದ ತಂದ ಬಿಳಿ ಆಕಳ ಹಗ್ಗವನ್ನು ನನ್ನ ಕೈಗಿತ್ತರು. ಆಕಳು ನನ್ನ ಬೆರಳು ಮೂಸಿತು. ಬುಸ್ಸೆಂದು ಉಸಿರು ಬಿಟ್ಟಿತು. ಹೊಸ್ತಿಲ ತನಕ ಬಂದು ನಿಂತುಬಿಟ್ಟಿತು!

ಎಳೆದೆ. ಬೆಲ್ಲ ತೋರಿಸಿದೆ. ಕಿವಿಯಲ್ಲಿ ಕ್ಷಮೆ ಕೇಳಿದೆ. ಅದು ಮನೆಯೊಳಗೆ ಒಮ್ಮೆ, ನನ್ನ ಮುಖ ಒಮ್ಮೆ ನೋಡಿ ನಡುಗಿತು. ಬಾಜಾ ನಿಂತಿತು. ನೆರೆದ ಬೀಗರೆಲ್ಲ ಉಸಿರು ಬಿಗಿಹಿಡಿದರು.

"ಏನಾತ್ರಿ ಅಳಿಯಂದ್ರ? ಏನರ ತಪ್ಪ ಆಗೈತೇನ?" ಅತ್ತೆಯ ದನಿ ಅಳುವಂತಿತ್ತು. ಮಗ ಕಟ್ಟಿಸಿದ ಮನೆಗೆ ನನ್ನಿಂದ ಅಪಶಕುನ!

"ಅತ್ತೀ, ಗೋವಾದಾಗ ನಾ ಮೀನ ತಿಂದೀನ್ರಿ!" ಎಂದು ಎಲ್ಲರೆದುರು ಕೂಗಿಬಿಟ್ಟೆ.

ಯಾರದೋ ಕೈಯಿಂದ ಆರತಿ ತಟ್ಟೆ ಬಿತ್ತು.

"ಮೀನಲ್ರೀ ಸಾಹೇಬ್ರ, ಟೈಲ್ಸ್!" ಎಂದ ಆಕಳಿನ ಯಜಮಾನ. "ಮಿಂಚೂದ ನೋಡಿ ಕಾಲ ಜಾರತಾವಂತ ಹೆದರೈತಿ. ಒಂದ್ ಗೋಣಿಚೀಲ ಹಾಸ್ರಿ."

ಹಾಸಿದರು. ಆಕಳು ನನ್ನನ್ನೂ ಎಳೆದುಕೊಂಡೇ ಒಳಗೆ ನಡೆಯಿತು!

ಆಗ ಸುವರ್ಣಾ ಬಾಯಿ ಬಿಟ್ಟಳು: "ಯವ್ವಾ, ಅವರು ತಿಂದಿದ್ದು ಬಾಳಿಕಾಯಿ. ಗೋಡಂಬಿ ಅಂಗಡ್ಯಾಗಿಂದ ಎಲ್ಲಾ ಕಾಣಸ್ತಿತ್ತು. ಹಿಂದಿನ ಬಾಗಲಿಂದ ಹೋಗಿ ನಾನ ಹೇಳಿ ಎಣ್ಯಾಗ ಕರಿಸೀನಿ."

"ಮತ್ತ ನನಗ್ಯಾಕ ಹೇಳಲಿಲ್ಲ?" ಎಂದೆ.

"ನೀವಾಗೇ ಹೇಳ್ತೀರೇನಂತ ಕಾಯಾಕತ್ತಿದ್ದೆ" ಎಂದಳು. ನಿಜಕ್ಕೂ ನಾಚಿಕೆಯಾಯಿತು.

ಪಂಕ್ತಿಯಲ್ಲಿ ಅತ್ತೆ ನನ್ನ ಎಲೆಗೆ ಮೊದಲು ಬಡಿಸಿದ್ದು ಬಾಳೆಕಾಯಿ ಬಜಿ.

"ಮುಳ್ಳ ನೋಡಿ ತಿನ್ರಿ, ಅಳಿಯಂದ್ರ!" ಎಂದರು.

ನಾನು ನೋಡಿಯೇ ತಿಂದೆ.